ಹುಣಸೆ ಬೀಜದಿಂದ ಹದಿಮೂರು ಅಂಕಿಯವರೆಗೆ: ಕೊಪ್ಪಳದಲ್ಲಿ ಒಂದು ಪುಸ್ತಕ ಕಟ್ಟಿದ ಅನುಭವ

ಬಟ್ಟೆಗೆ ಹುಣಸೆ ಬೀಜದ ಅಂಟು ಬಳಿದು, ಮಸಿ ಹಚ್ಚಿ, ಮಡಿಸಿ, ಚಿತ್ರ ಬರೆದು, ಎರಡು ಮರದ ಹಲಗೆಗಳ ನಡುವೆ ಕೂರಿಸಿದ ಪುಸ್ತಕ. ಒಟ್ಟು ನಲವತ್ತು ಪ್ರತಿಗಳು. ಕಳೆದ ವರ್ಷ ಗವಿಮಠದ ಜಾತ್ರೆಯ ಹೊತ್ತಿಗೆ ಶುರು ಮಾಡಿದ್ದು, ಈ ಸಲದ ಜಾತ್ರೆಗೆ ಮುಂಚೆ ಮುಗಿಯಿತು. ನಡುವಿನ ತಿಂಗಳುಗಳಲ್ಲಿ ಕುಂಚ ಹಿಡಿದು ಕುಳಿತದ್ದಕ್ಕಿಂತ ಅರ್ಜಿ ಹಿಡಿದು ಕುಳಿತದ್ದೇ ಹೆಚ್ಚು. ಪುಸ್ತಕವನ್ನು ಕೈಯಿಂದ ಕಟ್ಟುವುದು ಹೇಗೆಂದು ಹೇಳಿಕೊಡುವವರು ಸಿಗುತ್ತಾರೆ. ಕಟ್ಟಿದ್ದನ್ನು ಪುಸ್ತಕವೆಂದು ನಾಲ್ಕು ಜನ ಒಪ್ಪುವಂತೆ ಮಾಡುವುದು ಹೇಗೆಂದು ಹೇಳಿಕೊಡುವವರು ನನಗೆ ಸಿಗಲಿಲ್ಲ. ಕಲ್ಯಾಣ ಕರ್ನಾಟಕದ ಸಣ್ಣ ಊರಿನಲ್ಲಿ ಕುಳಿತು ಇದೇ ಕೆಲಸಕ್ಕೆ ಕೈಹಾಕುವವರು ಇನ್ನೂ ಇದ್ದಾರೆಂದು ನನಗೆ ಗೊತ್ತು. ಅವರಿಗಾಗಿ ನಡೆದದ್ದನ್ನೆಲ್ಲ ಬರೆದಿಡುತ್ತಿದ್ದೇನೆ.

ನಾನು ಈ ಕೆಲಸಕ್ಕೆ ಇಳಿದು ಹತ್ತು ವರ್ಷಗಳ ಮೇಲಾಯಿತು. ಚಿತ್ರಕಲೆಯ ಡಿಪ್ಲೊಮಾ ಮುಗಿಸಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಾಗ ಮೊದಲು ಮಾಡಿದ್ದು ಬೆಂಕಿಪೊಟ್ಟಣದೊಳಗಿನ ಪುಸ್ತಕ. ತುದಿ ಹಿಡಿದು ಎಳೆದರೆ ಇಡೀ ಕಥೆ ಹೊರಬರುತ್ತಿತ್ತು. ಆಮೇಲೆ ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಬಿಸಾಡಿದ ಗೋಣಿ ತಟ್ಟುಗಳನ್ನು ಹೊಲಿದು ಭತ್ತದ ಪುಸ್ತಕ ಮಾಡಿದೆ. ನಮ್ಮದೇ ತಾಲ್ಲೂಕಿನ ಮೋರನಾಳದಲ್ಲಿ ತೊಗಲುಗೊಂಬೆಯ ಆಟ ನೋಡಿ ಬಂದ ಮೇಲೆ, ಪುಟಗಳಿಗೆ ಸೂಜಿಯಿಂದ ರಂಧ್ರ ಹಾಕಿ, ಹಿಂದೆ ದೀಪವಿಟ್ಟರೆ ಚಿತ್ರ ಕಾಣುವ ಪುಸ್ತಕ ಮಾಡಿದೆ. ಆ ಊರಿನ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನನ್ನ ಮನೆಯಲ್ಲೂ ಹಬ್ಬವಾಯಿತು. ಈ ಪುಸ್ತಕಗಳೆಲ್ಲ ಒಂದೊಂದೇ ಪ್ರತಿಯವು. ಪ್ರದರ್ಶನದಲ್ಲಿ ಇಟ್ಟರೆ ಜನ ನೋಡುತ್ತಿದ್ದರು, ಮುಟ್ಟಲು ಹಿಂಜರಿಯುತ್ತಿದ್ದರು. ನೋಡುವ ವಸ್ತುವಾಗಿ ಉಳಿದ ಪುಸ್ತಕ ನನಗೆ ಬೇಕಿರಲಿಲ್ಲ. ಕೊಂಡವರ ಮನೆಯಲ್ಲಿ, ಗ್ರಂಥಾಲಯದ ಕಪಾಟಿನಲ್ಲಿ, ಬೇರೆ ಪುಸ್ತಕಗಳ ನಡುವೆ ಅದು ನಿಲ್ಲಬೇಕಿತ್ತು.

ಆಗ ನೆನಪಾದದ್ದು ಕಡತ. ಹಿಂದೆ ವ್ಯಾಪಾರಿಗಳು ಲೆಕ್ಕ ಬರೆಯಲು, ಮಠಗಳು ದಾಖಲೆ ಇಡಲು ಬಳಸುತ್ತಿದ್ದ ಬಟ್ಟೆಯ ಪುಸ್ತಕ ಅದು. ಶೃಂಗೇರಿ ಮಠದ ಕಡತಗಳ ಬಗ್ಗೆ ಇತಿಹಾಸ ಓದಿದವರಿಗೆ ತಿಳಿದಿರುತ್ತದೆ. ಹತ್ತಿ ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಗಟ್ಟಿ ಮಾಡಿ, ಹಿಂದೆ ಮುಂದೆ ಮಡಿಸಿ, ಬಿಳಿ ಬಳಪದಿಂದ ಬರೆಯುತ್ತಿದ್ದರು. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಇತ್ತ ಕೊಪ್ಪಳದಿಂದ ಸ್ವಲ್ಪವೇ ದೂರದ ಕಿನ್ನಾಳದಲ್ಲಿ ಚಿತ್ರಗಾರರು ಇಂದಿಗೂ ಹುಣಸೆ ಬೀಜದ ಅಂಟಿನಿಂದಲೇ ಮರದ ಗೊಂಬೆಗಳ ಮೈ ಕಟ್ಟುತ್ತಾರೆ. ಒಂದೇ ಬೀಜದಿಂದ ಒಳಗಿನ ಬಟ್ಟೆಯೂ ಹೊರಗಿನ ಹಲಗೆಯೂ ಆಗುವುದಾದರೆ ಪುಸ್ತಕ ಪೂರ್ತಿ ಈ ನೆಲದ್ದೇ ಆಗುತ್ತದೆ ಅನ್ನಿಸಿತು. ವಿಷಯವೂ ಇಲ್ಲಿಯದೇ. ಗವಿಮಠದ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರ್‌ಗಳಲ್ಲಿ, ಬಂಡಿಗಳಲ್ಲಿ, ತಲೆಯ ಮೇಲೆ ಜೋಳದ ರೊಟ್ಟಿ ಹೊತ್ತು ಬರುವ ಸಾಲು. ಬಿಚ್ಚುತ್ತ ಹೋದರೆ ಹದಿನೆಂಟು ಅಡಿ ಉದ್ದದ ದಾರಿ, ಇಪ್ಪತ್ತನಾಲ್ಕು ಮಡಿಕೆ, ಪ್ರತಿ ಮಡಿಕೆಯ ಕೆಳಗೆ ಎರಡು ಮೂರು ಸಾಲಿನ ಮಾತು. ಹೆಸರು ‘ರೊಟ್ಟಿ ಹೊತ್ತ ದಾರಿ’.

ಜಾತ್ರೆಯಲ್ಲಿ ರೇಖಾಚಿತ್ರ ಬರೆದುಕೊಂಡು ಬಂದು, ಹುಣಸೆ ಹಣ್ಣು ಬಡಿಯುವ ಕಾಲಕ್ಕೆ ಕಾದೆ. ಬೀಜ ಬೇಕೆನ್ನುವವರು ಫೆಬ್ರವರಿ, ಮಾರ್ಚ್‌ನಲ್ಲೇ ಹಣ್ಣು ಬಿಡಿಸುವ ಹೆಣ್ಣುಮಕ್ಕಳಿಗೆ ಹೇಳಿಡಬೇಕು. ತಡವಾದರೆ ಹುಳು ಹಿಡಿದ ಬೀಜವೇ ಗತಿ. ಬೀಜವನ್ನು ಹುರಿದು, ಕೆಂಪು ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ನೀರಿನಲ್ಲಿ ಕೈಬಿಡದೆ ಕಲಕುತ್ತ ಕುದಿಸಿ, ಬಟ್ಟೆಯಲ್ಲಿ ಸೋಸಬೇಕು. ಸಿಪ್ಪೆ ಉಳಿದರೆ ಅಂಟಿನಲ್ಲಿ ಕಂದು ಚುಕ್ಕೆಗಳು ನಿಲ್ಲುತ್ತವೆ. ಹಳೆಯ ಬೈಂಡರುಗಳು ಹುಳು ಬಾರದಿರಲೆಂದು ಅಂಟಿಗೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ. ಮಕ್ಕಳು ಮುಟ್ಟುವ ಪುಸ್ತಕವಾದ್ದರಿಂದ ನಾನು ಅದರ ಬದಲು ಲವಂಗದ ಎಣ್ಣೆ ಹಾಕಿದೆ. ಅಂಟು ಮೂರನೆಯ ದಿನಕ್ಕೆ ಹುಳಿ ವಾಸನೆ ಹೊಡೆಯುತ್ತದೆ. ಆಗಾಗ ಬೇಕಾದಷ್ಟೇ ಕುದಿಸಿಕೊಳ್ಳುವುದು ಒಳ್ಳೆಯದು.

ಬಟ್ಟೆಯನ್ನು ಕೊಪ್ಪಳದ ಪಕ್ಕದ ಭಾಗ್ಯನಗರದ ನೇಕಾರರೊಬ್ಬರಿಂದ ತಂದೆ. ಗಂಜಿ ಹಾಕದ ಬಟ್ಟೆಯೇ ಬೇಕೆಂದು ಕೇಳಿದೆ. ಅಂಗಡಿಯ ಬಟ್ಟೆಯಾದರೆ ಮೊದಲು ಬಿಸಿನೀರಿನಲ್ಲಿ ಒಗೆದು ಗಂಜಿ ಬಿಡಿಸದಿದ್ದರೆ ಅಂಟು ಒಳಗೆ ಇಳಿಯುವುದಿಲ್ಲ. ಬಟ್ಟೆಯ ಹಾಸು ಎಳೆ ಪುಸ್ತಕದ ಉದ್ದಕ್ಕೆ ಬರುವಂತೆ ಕತ್ತರಿಸಿ. ಹೊಕ್ಕು ಉದ್ದಕ್ಕೆ ಬಂದರೆ ಮಡಿಕೆಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಅಂಟು ಬಳಿದಾಗ ಬಟ್ಟೆ ಕುಗ್ಗುತ್ತದೆ, ಆದ್ದರಿಂದ ಲೆಕ್ಕಕ್ಕಿಂತ ಕಾಲು ಭಾಗ ಹೆಚ್ಚು ಕೊಳ್ಳಬೇಕು.

ಏಪ್ರಿಲ್ ಬಂತು, ಬಿಸಿಲೂ ಬಂತು. ನಮ್ಮ ಬಿಸಿಲಿನಲ್ಲಿ ಬಟ್ಟೆ ಬೇಗ ಒಣಗುತ್ತದೆ, ಒಳ್ಳೆಯದಾಯಿತೆಂದು ಯಾರಿಗಾದರೂ ಅನ್ನಿಸಬಹುದು. ಆದರೆ ಹೊರಗೆ ಹಾಕಿದ ಬಟ್ಟೆಯ ಮೇಲ್ಮೈ ಮೊದಲು ಬಿಗಿದು, ಒಳಗಿನ ಪದರ ಹಸಿಯಾಗಿಯೇ ಉಳಿದು, ಮಡಿಸಿದಾಗ ಕೆರೆಯ ತಳದಂತೆ ಬಿರುಕು ಬಿಡುತ್ತದೆ. ನಸುಕಿನಲ್ಲಿ ಬಳಿದು ಮನೆಯೊಳಗಿನ ನೆರಳಿನಲ್ಲಿ ಒಣಗಿಸುವುದೊಂದೇ ದಾರಿ. ತೆಳುವಾಗಿ ಬಳಿದು, ಒಣಗಿಸಿ, ಮತ್ತೆ ಬಳಿದು, ನುಣುಪು ಕಲ್ಲಿನಿಂದ ಉಜ್ಜಿ, ಆಮೇಲೆ ಮಸಿ. ಅಡುಗೆಮನೆ, ಪಡಸಾಲೆ, ದೇವರ ಕೋಣೆಯ ಬಾಗಿಲು ಎಲ್ಲ ಕಡೆಗೂ ಹಗ್ಗ ಕಟ್ಟಿ ಕಪ್ಪು ಪಟ್ಟಿಗಳನ್ನು ನೇತುಹಾಕಿದ್ದೆವು. ಮನೆಯವರ ತಾಳ್ಮೆಗೆ ನಾನು ಋಣಿ. ಮಡಿಸಿದ ಮೇಲೆ ಒತ್ತಲು ಕುಷ್ಟಗಿ ಕಡೆಯ ಗ್ರಾನೈಟ್ ತುಂಡುಗಳನ್ನು ಇಟ್ಟೆ. ಪಾಲಿಶ್ ಮಾಡುವ ಘಟಕಗಳಲ್ಲಿ ಇಂತಹ ತುಂಡುಗಳು ಕೇಳಿದರೆ ಸಿಗುತ್ತವೆ, ಬೈಂಡಿಂಗ್ ಪ್ರೆಸ್ ಕೊಳ್ಳುವ ಹಣ ಉಳಿಯುತ್ತದೆ.

ಚಿತ್ರವನ್ನು ಬಳಪದಿಂದಲೇ ಬರೆಯಬೇಕೆಂಬ ಆಸೆಯಿತ್ತು. ಆದರೆ ಮಾರಿದ ಪುಸ್ತಕದಲ್ಲಿ ಚಿತ್ರ ಒರೆಸಿಹೋದರೆ ಕೊಂಡವರಿಗೆ ಮೋಸ. ಹೀಗಾಗಿ ಬಿಳಿ ಬಣ್ಣವನ್ನು ಗೋಂದಿನಲ್ಲಿ ಅರೆದು ಕುಂಚದಿಂದ ಬರೆದೆ. ಕೊನೆಯ ಮಡಿಕೆಯಲ್ಲಿ ಮಾತ್ರ ಚಿತ್ರದ ಜಾಗವನ್ನು ಖಾಲಿ ಬಿಟ್ಟು, ಪಕ್ಕದಲ್ಲಿ ಒಂದು ಬಳಪದ ತುಂಡು ಸಿಕ್ಕಿಸಿದೆ. ಓದಿದವರು ತಮ್ಮ ಊರಿನ ರೊಟ್ಟಿಯ ಬಗ್ಗೆ ಅಲ್ಲಿ ಬರೆಯಲಿ, ಒರೆಸಲಿ, ಮತ್ತೆ ಬರೆಯಲಿ. ಈ ಖಾಲಿ ಮಡಿಕೆ ಮುಂದೆ ತಂದ ತೊಡಕನ್ನು ಆಮೇಲೆ ಹೇಳುತ್ತೇನೆ.

ಮಾತುಗಳನ್ನು ಕೈಯಿಂದ ಬರೆಯುವುದೋ ಮುದ್ರಿಸುವುದೋ ಎಂದು ಬಹಳ ಯೋಚಿಸಿದೆ. ಕೊನೆಗೆ ಮುದ್ರಣದ ಕಡೆಗೆ ತೂಗಿತು, ಅದೂ ಬಿಡಿ ಅಕ್ಷರಗಳನ್ನು ಜೋಡಿಸಿ ಒತ್ತುವ ಅಚ್ಚುಮೊಳೆಯ ಮುದ್ರಣ. ಗಂಗಾವತಿಯ ಓಣಿಯೊಂದರಲ್ಲಿ ಹಳೆಯ ಟ್ರೆಡಲ್ ಮುದ್ರಣ ಯಂತ್ರ ಇನ್ನೂ ಉಸಿರಾಡುತ್ತಿದೆಯೆಂದು ತಿಳಿದು ಹೋದೆ. ಯಜಮಾನರಿಗೆ ಎಪ್ಪತ್ತು ದಾಟಿದೆ. ಈಗ ಅವರಲ್ಲಿಗೆ ಬರುವುದು ರಸೀದಿ ಪುಸ್ತಕಗಳ ಕೆಲಸ ಮಾತ್ರ.

“ಕಾಕಾ, ಇಪ್ಪತ್ತನಾಲ್ಕು ಚೀಟಿ, ಒಂದೊಂದರಲ್ಲಿ ಎರಡು ಮೂರು ಸಾಲು. ಆಗುತ್ತದೆಯೇ?”

“ಆಗುತ್ತದೆ ತಂಗಿ. ಮೊಳೆ ಇವೆಯೋ ಇಲ್ಲವೋ ನೋಡಬೇಕು.”

ಕನ್ನಡದ ಮೊಳೆ ಜೋಡಿಸುವುದು ಎಂತಹ ಕೆಲಸವೆಂದು ಅಂದು ಕಣ್ಣಾರೆ ಕಂಡೆ. ಮೂಲಾಕ್ಷರಕ್ಕೆ ಒಂದು ಮನೆ, ಕಾಗುಣಿತಕ್ಕೆ ಒಂದು ಮನೆ, ಒತ್ತುಗಳಿಗೆ ಬೇರೆ ಮನೆಗಳು. ಮರದ ಪೆಟ್ಟಿಗೆಯ ನೂರಾರು ಗೂಡುಗಳ ಮೇಲೆ ಅವರ ಕೈ ನೋಡದೆಯೇ ಓಡಾಡುತ್ತಿತ್ತು. ಎಲ್ಲವೂ ಸಿಕ್ಕಿತು, ಆದರೆ ‘ಗವಿಸಿದ್ಧೇಶ್ವರ’ ಎಂಬಲ್ಲಿ ಬೇಕಾದ ಧ ಒತ್ತಕ್ಷರ ಸವೆಯದೆ ಉಳಿದದ್ದು ಒಂದೇ ಒಂದು. ಹೆಸರು ಬರುವ ಚೀಟಿಗಳು ಹಲವು. ಹಾಗಾಗಿ ಒಂದು ಚೀಟಿಯ ಎಲ್ಲ ಪ್ರತಿಗಳನ್ನು ಒತ್ತಿ, ಮೊಳೆ ಬಿಚ್ಚಿ, ಅದೇ ಒತ್ತನ್ನು ಮುಂದಿನ ಚೀಟಿಗೆ ಕೂರಿಸಬೇಕಾಯಿತು. ಹೆಸರನ್ನು ಬೇರೆ ರೀತಿಯಲ್ಲಿ ಬರೆದರೆ ಸುಲಭವಾಗುತ್ತದೆಂದು ಒಬ್ಬರು ಸಲಹೆ ಕೊಟ್ಟರು. ಕಾಕಾ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಬಿಳಿ ಕೈಕಾಗದದ ಮೇಲೆ ಅಕ್ಷರ ಒತ್ತಿದ ತಗ್ಗು ಬೆರಳಿಗೆ ತಾಗುತ್ತದೆ. ಆ ಚೀಟಿಗಳನ್ನು ಮಡಿಕೆಗಳ ಕೆಳಗೆ ಅಂಟಿಸಿದಾಗ ನನಗಾದ ಸಂತೋಷ ದೊಡ್ಡದು.

ಇದೇ ಯಂತ್ರದಲ್ಲಿ ಎರಡು ಹೆಚ್ಚುವರಿ ಚೀಟಿಗಳನ್ನು ಮಾಡಿಸಲು ಕಾಕಾ ಒತ್ತಾಯಿಸಿದರು. ಒಂದರಲ್ಲಿ ಪುಸ್ತಕದ ಹೆಸರು, ನನ್ನ ಹೆಸರು, ಊರು, ವರ್ಷ. ಇನ್ನೊಂದರಲ್ಲಿ ಮುದ್ರಕರು ಯಾರು, ಪ್ರಕಾಶಕರು ಯಾರು, ಒಟ್ಟು ಪ್ರತಿಗಳೆಷ್ಟು, ಬೆಲೆ ಎಷ್ಟು, ಬಟ್ಟೆ ಎಲ್ಲಿಯದು, ಹಲಗೆ ಯಾರದು. “ಇದಿಲ್ಲದಿದ್ದರೆ ಅದು ಪುಸ್ತಕವಲ್ಲ ತಂಗಿ” ಎಂದರು. ಕಲಾಕೃತಿಗೆ ಇಷ್ಟೆಲ್ಲ ಏಕೆ ಎಂದು ಆಗ ಅನ್ನಿಸಿತ್ತು. ಮುಂದೆ ಪ್ರತಿಯೊಂದು ಬಾಗಿಲನ್ನೂ ನನಗೆ ತೆರೆದದ್ದು ಈ ಎರಡು ಚೀಟಿಗಳೇ.

ಮೊದಲ ಬಾಗಿಲು, ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆಯಾದ ಐಎಸ್‌ಬಿಎನ್. ನಮ್ಮ ದೇಶದಲ್ಲಿ ಇದನ್ನು ಕೊಡುವುದು ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿರುವ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ. ಅರ್ಜಿ ಆನ್‌ಲೈನ್‌ನಲ್ಲೇ. ತನ್ನ ಪುಸ್ತಕವನ್ನು ತಾನೇ ಪ್ರಕಟಿಸುವ ಲೇಖಕರೂ ಹಾಕಬಹುದು. ಸಂಖ್ಯೆಗೆ ಶುಲ್ಕವಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ‘ಮಾಡಿಸಿಕೊಡುತ್ತೇವೆ’ ಎಂದು ಸಾವಿರಗಟ್ಟಲೆ ಕೇಳುವವರು ಇದ್ದಾರೆ, ನನ್ನನ್ನೂ ಕೇಳಿದರು. ಗುರುತಿನ ದಾಖಲೆ, ವಿಳಾಸದ ದಾಖಲೆ, ಮುಖಪುಟದ ಮತ್ತು ಶೀರ್ಷಿಕೆ ಪುಟದ ಪ್ರತಿಗಳನ್ನು ಸ್ಪಷ್ಟವಾಗಿ ಸ್ಕ್ಯಾನ್ ಮಾಡಿ ಇಟ್ಟುಕೊಂಡರೆ ಸಾಕು. ಕೈಯಿಂದ ಪುಸ್ತಕ ಮಾಡುವವರು ತಿಳಿದಿರಲೇಬೇಕಾದ ನಿಯಮವೊಂದಿದೆ: ಶೀರ್ಷಿಕೆ ಪುಟವೂ ಪಠ್ಯವೂ ಇಲ್ಲದ ಚಿತ್ರಸಂಪುಟಗಳಿಗೆ ಐಎಸ್‌ಬಿಎನ್ ಕೊಡುವುದಿಲ್ಲ. ಇದು ಅಂತರರಾಷ್ಟ್ರೀಯ ನಿಯಮ. ನನ್ನ ಹಿಂದಿನ ಪುಸ್ತಕಗಳಲ್ಲಿ ಯಾವುದಕ್ಕೂ ಶೀರ್ಷಿಕೆ ಪುಟ ಇರಲಿಲ್ಲ. ಅವು ಯಾವುವೂ ಈ ಬಾಗಿಲು ದಾಟುತ್ತಿರಲಿಲ್ಲ.

ಅರ್ಜಿ ಹಾಕಿ ಕಾಯುವುದು ಮನಸ್ಸಿಗೆ ಕಷ್ಟ. ಮಳೆಗಾಲ ಬಂದಿತ್ತು, ಒತ್ತಿಟ್ಟ ಮಡಿಕೆಗಳಿಗೆ ತೇವ ಹಿಡಿಯುವ ಭಯ, ಇತ್ತ ಮೊಬೈಲ್‌ನಲ್ಲಿ ದಿನವೂ ಮಿಂಚಂಚೆ ನೋಡುವ ಚಾಳಿ. ಈ ಅವಧಿಯಲ್ಲಿ ಪ್ರಕಾಶಕರ ಚೀಟಿಯನ್ನು ಮುದ್ರಿಸಿಬಿಡಬೇಡಿ. ಸಂಖ್ಯೆ ಬಂದ ಮೇಲೆ ಒತ್ತಿಸಿ. 978ರಿಂದ ಶುರುವಾಗುವ ಹದಿಮೂರು ಅಂಕಿಗಳು ಕೈಗೆ ಬಂದ ದಿನ ಬಸ್ ಹತ್ತಿ ಗಂಗಾವತಿಗೆ ಹೋಗಿ, ಕಾಕಾ ಅವರಿಂದ ನನ್ನ ಎದುರಿಗೇ ಅಂಕಿಗಳನ್ನು ಜೋಡಣೆ ಮಾಡಿಸಿ, ಒಂದೊಂದನ್ನೂ ಬೆರಳಿಟ್ಟು ತಾಳೆ ನೋಡಿದೆ.

ಹಕ್ಕುಸ್ವಾಮ್ಯದ ನೋಂದಣಿ ಬೇಕೇ ಎಂದು ಹಲವರು ಕೇಳುತ್ತಾರೆ. 1957ರ ಕಾಯ್ದೆಯ ಪ್ರಕಾರ ಕೃತಿ ರಚನೆಯಾದ ಕ್ಷಣದಿಂದಲೇ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯವಲ್ಲ. ಮಾಡಿಸುವುದಾದರೆ ಸಾಹಿತ್ಯ ಕೃತಿಗೂ ಕಲಾಕೃತಿಗೂ ಪ್ರತ್ಯೇಕ ಅರ್ಜಿ, ಒಂದೊಂದಕ್ಕೆ 500 ರೂಪಾಯಿ, ಆಕ್ಷೇಪಣೆಗೆ 30 ದಿನಗಳ ಕಾಯುವಿಕೆ. ನಾನು ಸದ್ಯಕ್ಕೆ ಬಿಟ್ಟೆ.

ಆಗಸ್ಟ್‌ನಲ್ಲಿ ಹಲಗೆಗಳಿಗಾಗಿ ಕಿನ್ನಾಳಕ್ಕೆ ಹೋದೆ. ಓಣಿಯ ತುಂಬ ಗಣಪತಿಗಳು. ಚೌತಿ ಮುಗಿಯುವವರೆಗೆ ಚಿತ್ರಗಾರರ ಮನೆಗಳಲ್ಲಿ ಬೇರೆ ಕೆಲಸಕ್ಕೆ ಕೈ ಬಿಡುವಿರುವುದಿಲ್ಲ. ಕೊಪ್ಪಳದಲ್ಲೇ ಇದ್ದೂ ಇದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ ಎನ್ನುವುದಕ್ಕಿಂತ, ಅವರ ವರ್ಷ ಹಬ್ಬಗಳ ಸುತ್ತ ಹೇಗೆ ತಿರುಗುತ್ತದೆಂದು ಆಗ ಅರಿತೆ ಎನ್ನಬೇಕು. ಕಿನ್ನಾಳದ ಕೆಲಸ ಬೇಕೆನ್ನುವವರು ಬೇಸಿಗೆಯಲ್ಲೇ ಮಾತಾಡಿ, ಮುಂಗಡ ಕೊಟ್ಟು ಬನ್ನಿ.

ಹಬ್ಬದ ನಂತರ ಕೆಲಸ ಶುರುವಾಯಿತು. ಹಗುರ ಮರದ ಹಲಗೆ, ಅದರ ಮೇಲೆ ಮರದ ಹೊಟ್ಟನ್ನು ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ಕಿಟ್ಟ, ಅದು ಒಣಗಿದ ಮೇಲೆ ಕಲ್ಲಿನ ಪುಡಿಯ ಸಣ್ಣ ಉಬ್ಬು ಕೆಲಸ, ಬಿಳಿ ಲೇಪ, ಆಮೇಲೆ ಬಣ್ಣ. ಅಂಚಿನ ಹೊಳಪಿಗೆ ಲಾಜವರ. ತವರದ ತಗಡಿನಿಂದ ಬಂಗಾರದ ಮೆರುಗು ತರುವ ಆ ವಿದ್ಯೆಯನ್ನು ಅವರು ಮಾಡುತ್ತಿದ್ದರೆ ನಾನು ಮಾತಿಲ್ಲದೆ ಕುಳಿತು ನೋಡುತ್ತಿದ್ದೆ. ಹಲಗೆಯ ಮೇಲೆ ಏನು ಬರೆಯಬೇಕೆಂದು ಅವರೇ ಕೇಳಿದರು. “ನೀವು ಜಾತ್ರೆಯಲ್ಲಿ ಏನು ನೋಡುತ್ತೀರೋ ಅದು” ಎಂದೆ. ಅವರು ರಥವನ್ನೂ ಬರೆಯಲಿಲ್ಲ, ಮಠವನ್ನೂ ಬರೆಯಲಿಲ್ಲ. ರೊಟ್ಟಿ ಬುಟ್ಟಿ ಇಳಿಸುವ ಎರಡು ಕೈಗಳನ್ನು ಬರೆದರು. ಪುಸ್ತಕದಲ್ಲಿ ಅತ್ಯುತ್ತಮವಾದದ್ದು ಆ ಚಿತ್ರವೇ.

ಕಿನ್ನಾಳದ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಅಂದರೆ ಆ ಹೆಸರು ಅಲ್ಲಿಯ ಕೆಲಸಕ್ಕೆ ಮಾತ್ರ ಸಲ್ಲುತ್ತದೆ. ಹೀಗಾಗಿ ಕೊಪ್ಪಳದ ನಾನು ನನ್ನ ಪುಸ್ತಕವನ್ನು ‘ಕಿನ್ನಾಳ ಪುಸ್ತಕ’ ಎಂದು ಕರೆದು ಮಾರುವಂತಿಲ್ಲ, ಮಾರಲೂಬಾರದು. ಹಲಗೆ ಮಾಡಿದವರ ಹೆಸರು ಮತ್ತು ಊರು ಪ್ರಕಾಶಕರ ಚೀಟಿಯಲ್ಲಿದೆ, ಪ್ರತಿ ಹಲಗೆಯ ಒಳಬದಿಯಲ್ಲಿ ಅವರ ಸಹಿಯಿದೆ. ಜೋಡಿ ಹಲಗೆಗೆ 1,000 ರೂಪಾಯಿ ಕೊಟ್ಟೆ. ಚೌಕಾಸಿ ಮಾಡಲಿಲ್ಲ. ಮಾಡುವವರನ್ನು ಕಂಡರೆ ನನಗೆ ನೋವಾಗುತ್ತದೆ.

ಕಿನ್ನಾಳದ ಹೆಸರು ಬಳಸುವ ಈ ಪ್ರಶ್ನೆ ಇನ್ನೊಂದು ಕಡೆಯೂ ಎದುರಾಯಿತು. ಕುಶಲಕರ್ಮಿಗಳಿಗೆ ಕೇಂದ್ರ ಜವಳಿ ಸಚಿವಾಲಯದ ಕರಕುಶಲ ವಿಭಾಗ ಪೆಹಚಾನ್ ಎಂಬ ಗುರುತಿನ ಚೀಟಿ ಕೊಡುತ್ತದೆ. ಮೇಳಗಳಲ್ಲಿ ಮಳಿಗೆ ಸಿಗಲು, ತರಬೇತಿಗೆ, ಕೆಲವು ಯೋಜನೆಗಳಿಗೆ ಅದು ಬೇಕು. ಆಧಾರ್, ಫೋಟೊ, ಬ್ಯಾಂಕ್ ಪುಸ್ತಕದ ಜೊತೆಗೆ ನಿಮ್ಮ ಕಸುಬು ಯಾವುದೆಂದು ಪಟ್ಟಿಯಿಂದ ಆರಿಸಬೇಕು. ಪುಸ್ತಕ ಕಟ್ಟುವವರಿಗೆ ಅಲ್ಲಿ ನೇರವಾದ ಜಾಗ ಕಾಣಲಿಲ್ಲ. ಕಿನ್ನಾಳ ಗೊಂಬೆ ಎಂದು ಬರೆದುಬಿಡಿ, ಬೇಗ ಆಗುತ್ತದೆ ಎಂದು ಪರಿಚಿತರೊಬ್ಬರು ಹೇಳಿದರು. ತಲೆಮಾರುಗಳಿಂದ ಆ ಕಸುಬು ಮಾಡಿಕೊಂಡು ಬಂದವರ ಪಟ್ಟಿಯಲ್ಲಿ ನನ್ನ ಹೆಸರು ಸೇರುವುದು ಸರಿಯಲ್ಲ. ಕಾಗದದ ಕುಶಲಕಲೆಯ ಅಡಿಯಲ್ಲಿ ಅರ್ಜಿ ಹಾಕಿದ್ದೇನೆ. ಪರಿಶೀಲನೆಗೆ ಬಂದವರು ಎದುರಿಗೆ ಮಾಡಿ ತೋರಿಸಲು ಹೇಳುತ್ತಾರೆ. ಕಡತದ ಬಟ್ಟೆ ಒಂದು ಮಧ್ಯಾಹ್ನದಲ್ಲಿ ಆಗುವಂಥದ್ದಲ್ಲವಾದ್ದರಿಂದ, ಬಳಿಯದ ಬಟ್ಟೆ, ಒಂದು ಸಲ ಬಳಿದದ್ದು, ಉಜ್ಜಿದ್ದು, ಮಡಿಸಿದ್ದು ಹೀಗೆ ಪ್ರತಿ ಹಂತದ ತುಂಡನ್ನು ಸಾಲಾಗಿ ಇಟ್ಟುಕೊಂಡಿರಿ. ಅವರ ಮುಂದೆ ಒಂದು ಪಟ್ಟಿಗೆ ಅಂಟು ಬಳಿದು, ಇನ್ನೊಂದನ್ನು ಮಡಿಸಿ ತೋರಿಸಿದರೆ ಅರ್ಥವಾಗುತ್ತದೆ. ನನ್ನ ಚೀಟಿ ಇನ್ನೂ ಬಂದಿಲ್ಲ.

ಇನ್ನು ಮಾರಾಟ. ಒಂದು ಪ್ರತಿಗೆ ಬಿದ್ದ ಖರ್ಚು ಸುಮಾರು ಹೀಗೆ: ಬಟ್ಟೆ 220, ಹಲಗೆ 1,000, ಮುದ್ರಣ 75, ಕೈಕಾಗದ 40, ಬೀಜ, ಗೋಂದು, ಬಣ್ಣ, ದಾರ ಸೇರಿ 65, ಪೆಟ್ಟಿಗೆ 120. ಒಟ್ಟು 1,520 ರೂಪಾಯಿ. ನನ್ನ ದುಡಿಮೆ ಇದರಲ್ಲಿಲ್ಲ. ಬೆಲೆ 3,200 ಎಂದು ಮುದ್ರಿಸಿದೆ. ಅಂಗಡಿಗಳು ಬೆಲೆಯ ಮೂರನೆಯ ಒಂದು ಭಾಗದಷ್ಟು ತಮಗೆ ಇಟ್ಟುಕೊಳ್ಳುತ್ತವೆ. ಬೆಲೆ ಹಾಕುವಾಗಲೇ ಅದನ್ನು ಎಣಿಸಿ.

ಬೆಂಗಳೂರಿನ ಅಂಗಡಿಯೊಂದು ಪ್ರತಿಗಳನ್ನು ತೆಗೆದುಕೊಳ್ಳಲು ಒಪ್ಪಿ, ತೆರಿಗೆಗಾಗಿ ಸರಕಿನ ಬಗೆ ತಿಳಿಸುವ ಯಾವ ಸಂಕೇತವನ್ನು ಬಿಲ್ಲಿನಲ್ಲಿ ಹಾಕಬೇಕೆಂದು ಕೇಳಿತು. ಚಿತ್ರ ಬರೆದ ಮರದ ಹಲಗೆ ಕಂಡು ಮೊದಲು ‘ಆಟಿಕೆ’ ಎಂದರು. ಬಳಪ ಸಿಕ್ಕಿಸಿದ ಖಾಲಿ ಮಡಿಕೆ ಕಂಡು ‘ಪಾಟಿ’ ಎಂದರು. ಆಮೇಲೆ ‘ಅಲಂಕಾರಿಕ ವಸ್ತು’. ನನಗೆ ಸಿಟ್ಟೂ ಬಂತು, ದುಃಖವೂ ಆಯಿತು. ಇಪ್ಪತ್ತಮೂರು ಮಡಿಕೆಗಳಲ್ಲಿ ಬರೆದದ್ದನ್ನು ಓದದೆ, ಕೊನೆಯ ಒಂದನ್ನು ನೋಡಿ ಹೆಸರಿಡುವುದೇ? ಕೊಪ್ಪಳದ ಲೆಕ್ಕಪರಿಶೋಧಕರೊಬ್ಬರ ಮುಂದೆ ಪುಸ್ತಕ ಬಿಚ್ಚಿಟ್ಟೆ. ಅವರು ಮೊದಲು ನೋಡಿದ್ದು ಚಿತ್ರವನ್ನಲ್ಲ, ಅಚ್ಚಿನ ಚೀಟಿಗಳನ್ನು. ಜಿಎಸ್‌ಟಿಯಲ್ಲಿ 4901 ಎಂಬ ಶೀರ್ಷಿಕೆ ಇರುವುದು ಮುದ್ರಿತ ಪುಸ್ತಕಗಳಿಗೆ, ಅದರ ಮೇಲಿನ ತೆರಿಗೆ ಶೂನ್ಯ. ಪಠ್ಯ ಮುದ್ರಿತವಾಗಿದೆ, ಶೀರ್ಷಿಕೆ ಪುಟವಿದೆ, ಮುದ್ರಕರ ಹೆಸರಿದೆ, ಐಎಸ್‌ಬಿಎನ್ ಇದೆ. ಹಾಗಾಗಿ ಪುಸ್ತಕವೆಂದೇ ಬಿಲ್ ಮಾಡಿ ಎಂದರು. ಅದನ್ನೇ ಬರೆದು ಕಳುಹಿಸಿದ ಮೇಲೆ ಅಂಗಡಿ ಒಪ್ಪಿತು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ನೋಂದಣಿಯೇ ಬೇಕಿಲ್ಲ; ಹೊರರಾಜ್ಯಕ್ಕೆ ಮಾರುವವರು ಮಾತ್ರ ತಿಳಿದವರನ್ನು ಒಮ್ಮೆ ಕೇಳಿಕೊಳ್ಳಿ. ಖಾಲಿ ಮಡಿಕೆಯನ್ನು ಕಿತ್ತುಹಾಕಿದರೆ ಗೋಜಲೇ ಇರುವುದಿಲ್ಲವೆಂದು ಇಬ್ಬರು ಮೂವರು ಹೇಳಿದರು. ಅದನ್ನು ಮಾತ್ರ ನಾನು ಮಾಡಲಿಲ್ಲ.

ಕಳುಹಿಸುವ ವಿಷಯದಲ್ಲಿ ಒಂದು ಒಳ್ಳೆಯ ಸುದ್ದಿ. ಅಂಚೆ ಇಲಾಖೆ 2025ರ ಮೇ ತಿಂಗಳಿನಿಂದ ಜ್ಞಾನ ಪೋಸ್ಟ್ ಎಂಬ ಸೇವೆ ನಡೆಸುತ್ತಿದೆ. ಪಠ್ಯಪುಸ್ತಕಗಳಿಗಷ್ಟೇ ಅಲ್ಲ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೂ ಅದು ಸಲ್ಲುತ್ತದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೊವರೆಗೆ 100 ರೂಪಾಯಿ, ತೆರಿಗೆ ಬೇರೆ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಬೇಕು, ಜಾಹೀರಾತು ಇರಬಾರದು. ಕೌಂಟರ್‌ನಲ್ಲಿದ್ದವರು ಹಲಗೆಯನ್ನು ತಿರುವಿ ನೋಡಿ, “ಮೇಡಂ, ಇದರಲ್ಲಿ ಹೆಸರು ಎಲ್ಲಿದೆ?” ಎಂದು ಕೇಳಿದರು. ಚೀಟಿ ತೋರಿಸಿದೆ. ಪೂರ್ತಿ ಓದಿ, ಗಂಗಾವತಿಯಲ್ಲಿ ಇನ್ನೂ ಮೊಳೆ ಜೋಡಿಸುವವರು ಇದ್ದಾರೆಯೇ ಎಂದು ಆಶ್ಚರ್ಯಪಟ್ಟು ತೂಕಕ್ಕಿಟ್ಟರು. ಭೂಸಾರಿಗೆಯಲ್ಲಿ ಹೋಗುವುದರಿಂದ ನಿಧಾನ. ಮೂಲೆಗಳಿಗೆ ದಪ್ಪ ರಟ್ಟು ಕೊಡಿ. ಇದಕ್ಕೆ ಮುಂಚೆ ಖಾಸಗಿ ಕೊರಿಯರ್‌ನಲ್ಲಿ ಕಳುಹಿಸಿದ ಒಂದು ಪ್ರತಿಯ ಹಲಗೆಯ ಮೂಲೆ ಒಡೆದು ಮರಳಿ ಬಂತು. ಚಿತ್ರಗಾರರು ಕಿಟ್ಟ ಮೆತ್ತಿ ಸರಿಮಾಡಿಕೊಟ್ಟರು, ಹಣ ಮುಟ್ಟಲಿಲ್ಲ.

ಕೊನೆಗೆ ಉಳಿದದ್ದು ಗ್ರಂಥಾಲಯಗಳು. 1954ರ ಕಾಯ್ದೆಯೊಂದರ ಪ್ರಕಾರ ಭಾರತದಲ್ಲಿ ಪ್ರಕಟವಾದ ಪ್ರತಿ ಪುಸ್ತಕದ ಒಂದೊಂದು ಪ್ರತಿಯನ್ನು ಮೂವತ್ತು ದಿನಗಳೊಳಗೆ ಪ್ರಕಾಶಕರು ತಮ್ಮ ಖರ್ಚಿನಲ್ಲೇ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ಮುಂಬೈ, ದೆಹಲಿಯ ಇನ್ನು ಮೂರು ಗ್ರಂಥಾಲಯಗಳಿಗೂ ತಲುಪಿಸಬೇಕು. ರಾಜ್ಯದ ಕಾನೂನಿನಂತೆ ಬೆಂಗಳೂರಿನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೂ ಕೊಡಬೇಕು. ಸಾವಿರ ಪ್ರತಿ ಮುದ್ರಿಸುವವರಿಗೆ ಇದು ಲೆಕ್ಕಕ್ಕಿಲ್ಲ. ನನಗೆ ಕೇಂದ್ರದ ಕಾಯ್ದೆಗೇ ನಾಲ್ಕು, ಅಂದರೆ ಹತ್ತರಲ್ಲಿ ಒಂದು ಪಾಲು. ಆರು ಸಾವಿರ ರೂಪಾಯಿಗೂ ಮಿಕ್ಕಿದ ವಸ್ತು. ಕೊಡದಿದ್ದರೆ ದಂಡ ಐವತ್ತು ರೂಪಾಯಿಯವರೆಗೆ, ಜೊತೆಗೆ ಪುಸ್ತಕದ ಬೆಲೆ. ಯಾರೂ ಕೇಳುವುದಿಲ್ಲ, ಬಿಟ್ಟುಬಿಡಿ ಎಂದವರೇ ಹೆಚ್ಚು. ಆದರೆ ಆ ಕಾಯ್ದೆಯ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಡುವ ಪ್ರತಿ ಎಲ್ಲ ಚಿತ್ರಗಳೊಂದಿಗೆ, ಅತ್ಯುತ್ತಮ ಪ್ರತಿಗಳಂತೆಯೇ ಬಣ್ಣ ತುಂಬಿ, ಹೊಲಿದು ಅಥವಾ ಕಟ್ಟಿ, ಪೂರ್ಣವಾಗಿರಬೇಕು ಎಂದು ಅದು ಹೇಳುತ್ತದೆ. ಕೈಯಿಂದ ಬಣ್ಣ ತುಂಬಿದ ಪುಸ್ತಕಗಳಿಗೂ ಕಾನೂನು ಜಾಗ ಇಟ್ಟಿದೆಯಲ್ಲ ಎಂದು ಸಮಾಧಾನವಾಯಿತು. ನನ್ನ ಪುಸ್ತಕ ಕಪಾಟಿನಲ್ಲಿ ನಿಲ್ಲಬೇಕೆಂದು ಆಸೆಪಟ್ಟವಳು ನಾನೇ. ಎಲ್ಲ ಪ್ರತಿಗಳನ್ನೂ ನೋಡಿ, ಬಿಳಿ ಬಣ್ಣ ಎಲ್ಲೂ ಕದಡದ, ಮಡಿಕೆ ನೇರವಾಗಿ ಕೂತ ಪ್ರತಿಗಳನ್ನು ಆರಿಸಿ ಕಳುಹಿಸಿದೆ. ಪ್ರಕಟಣೆಯ ದಿನಾಂಕ, ಬೆಲೆ, ಐಎಸ್‌ಬಿಎನ್ ಬರೆದ ಪತ್ರ ಜೊತೆಗಿರಲಿ. ಅಂಚೆ ರಸೀದಿಯನ್ನು ಒಂದೇ ಕಡೆ ಅಂಟಿಸಿಡಿ.

ಪ್ರತಿಯೊಂದು ಪುಸ್ತಕದ ಜೊತೆಗೂ ಆರೈಕೆಯ ಚೀಟಿ ಇಟ್ಟಿದ್ದೇನೆ. ಒದ್ದೆ ಕೈಯಿಂದ ಮುಟ್ಟಬೇಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಪೂರ್ತಿ ಬಿಚ್ಚಿ ನೆರಳಿನಲ್ಲಿ ಗಾಳಿಗಿಡಿ. ಕೊನೆಯ ಮಡಿಕೆಯನ್ನು ಒಣ ಬಟ್ಟೆಯಿಂದ ಮಾತ್ರ ಒರೆಸಿ. ಅಂಟು ಬಿಟ್ಟರೆ, ಮಡಿಕೆ ಬಿರುಕು ಬಿಟ್ಟರೆ ಕಳುಹಿಸಿಕೊಡಿ, ಸರಿಮಾಡಿ ಮರಳಿಸುತ್ತೇನೆ. ಅಂಚೆಯ ಖರ್ಚು ಮಾತ್ರ ಕೊಂಡವರದು.